ಐದನೆಯ ಹೆಸರು

ಐದನೆಯ ಹೆಸರಿಗೆ ಬಂದಾಗ ನಿರ್ದೇಶಕರ ಬೆರಳು ನಿಂತಿತು.

"ಬೆರಳಚ್ಚುಗಾರ್ತಿ? ಇವಳೇನ್ರೀ ಮಾಡಿದ್ಲು?"

ಬೋಳುತಲೆಯ ಹಿರಿಯ ಗುಮಾಸ್ತರು ಮಿಸುಕಲಿಲ್ಲ. "ಇವಳು ಹೋಗಲೇಬೇಕು ಸಾರ್. ನನ್ನ ಮಾತು ನಂಬಿ."

ನಿರ್ದೇಶಕರು ಈ ವಿದೇಶಾಂಗ ಕಚೇರಿಗೆ ಬಂದು ಹದಿನೈದು ದಿನವಾಗಿತ್ತಷ್ಟೆ. ಬಂದ ಗಳಿಗೆಯೇ ಸರಿಯಿಲ್ಲ. ಮರುದಿನವೇ ನೆರೆದೇಶದೊಂದಿಗಿನ ಮಾತುಕತೆ ಮುರಿದುಬಿತ್ತು. ಸಭೆಯಲ್ಲಿ ಅವರ ಕುರ್ಚಿ ನಮ್ಮದಕ್ಕಿಂತ ಎರಡು ಬೆರಳು ಎತ್ತರವಿತ್ತಂತೆ! ಈಗ ಅವರ ರಾಯಭಾರ ಕಚೇರಿಯ ಐವರನ್ನು ಹೊರಗಟ್ಟಬೇಕು. ಅಂಥ ಜಗಳಕ್ಕೂ ಒಂದು ಶಿಸ್ತುಂಟು. ನಾವು ಎಷ್ಟು ಜನರನ್ನು ಅಟ್ಟುತ್ತೇವೋ ಅವರೂ ಅಷ್ಟೇ ಜನರನ್ನು, ಅದೇ ದರ್ಜೆಯವರನ್ನು ಅಟ್ಟುತ್ತಾರೆ. ಪಕ್ಕದ ಮನೆಗೆ ಕೊಟ್ಟ ಬಟ್ಟಲಿನ ಹಾಗೆ, ಖಾಲಿ ವಾಪಸು ಬರುವಂತಿಲ್ಲ. ಪಟ್ಟಿಯಲ್ಲಿ ಒಂದು ಹೆಸರು ತಪ್ಪಿದರೂ ಸಹಿ ಹಾಕಿದವರ ಕೆಲಸಕ್ಕೇ ಕುತ್ತು ಎಂದು ಮಂತ್ರಿಗಳು ಹೇಳಿಕಳಿಸಿದ್ದರು.

ನಿರ್ದೇಶಕರಿಗೆ ಗುಮಾಸ್ತರ ಮೇಲೇ ಗುಮಾನಿ. ದಿನಾ ಅರ್ಧ ಗಂಟೆ ತಡ. ಕಡತಗಳ ಮೇಲೆಲ್ಲ ಎಣ್ಣೆಗೈಯ ಗುರುತು. ತಲೆಯಲ್ಲಿ ಒಂದು ಕೂದಲಿಲ್ಲ, ಜೇಬಿನಲ್ಲಿ ಮಾತ್ರ ಬಾಚಣಿಗೆ. ಗುಪ್ತ ಸಂಕೇತವೇನಾದರೂ ಇದೆಯೋ ಎಂದು ಅವರು ಒಮ್ಮೆ ಅದನ್ನು ಬೆಳಕಿಗೆ ಹಿಡಿದೂ ನೋಡಿದ್ದರು.

ಆದರೂ ಸಹಿ ಹಾಕಿದರು. ಇಪ್ಪತ್ತು ವರ್ಷದ ಅನುಭವಸ್ಥ, ಏನೋ ಗೊತ್ತಿರಬೇಕು.

ಮರುದಿನ ಪತ್ರಿಕೆಗಳು ಆ ಬೆರಳಚ್ಚುಗಾರ್ತಿಯನ್ನು ಗೂಢಚಾರರ ರಾಣಿ ಮಾಡಿಬಿಟ್ಟವು. ಆಕೆ ತನ್ನ ದೇಶದಲ್ಲಿದ್ದ ತಾಯಿಯನ್ನು ನೋಡಲು ನಾಲ್ಕು ಸಲ ರಜೆ ಕೇಳಿ, ಸಿಗದೆ ಕಣ್ಣೀರಿಟ್ಟವಳು ಎಂಬುದು ಆ ರಾಯಭಾರ ಕಚೇರಿಯ ಸಣ್ಣಪುಟ್ಟ ಸುದ್ದಿಯನ್ನೆಲ್ಲ ಬಲ್ಲ ಗುಮಾಸ್ತರಿಗೆ ಗೊತ್ತಿತ್ತು. ಅವರು ಪತ್ರಿಕೆ ಮಡಚಿಟ್ಟು ಮುಂದಿನ ಕಡತ ತೆರೆದರು.

ನೆರೆಯವರು ಸುಮ್ಮನಿರುತ್ತಾರೆಯೇ? ಅವರೂ ಐವರನ್ನು ಹೊರಗಟ್ಟಿದರು, ದರ್ಜೆಗೆ ದರ್ಜೆ.

ಮೂರನೆಯ ದಿನ ಮಧ್ಯಾಹ್ನ ಗಡಿಯ ಸೇತುವೆಯಲ್ಲಿ ಅದಲುಬದಲು. ಈ ತುದಿಯಲ್ಲಿ ನಿರ್ದೇಶಕರೂ ಗುಮಾಸ್ತರೂ ನಿಂತಿದ್ದರು. ಹೋಗುವಾಗ ಬೆರಳಚ್ಚುಗಾರ್ತಿ ಅಳಲಿಲ್ಲ. ಗುಮಾಸ್ತರ ಎದುರು ಒಂದು ಕ್ಷಣ ನಿಂತು, ಕೈಮುಗಿದು, ನಗುತ್ತಾ ಹೋದಳು. ನಿರ್ದೇಶಕರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಇವರಿಬ್ಬರೂ ಒಳಗೊಳಗೇ ಒಂದು! ಸಹಿ ಹಾಕಿದವನು ನಾನು. ಹೋಯಿತು ಕೆಲಸ.

ಅಷ್ಟರಲ್ಲಿ ಆ ತುದಿಯಿಂದ ನಮ್ಮ ಐವರು ನಡೆದು ಬಂದರು. ಎಲ್ಲರಿಗಿಂತ ಹಿಂದೆ, ಪೆಟ್ಟಿಗೆ ಎಳೆದುಕೊಂಡು, ಅಲ್ಲಿ ನಮಗಿದ್ದ ಒಬ್ಬಳೇ ಬೆರಳಚ್ಚುಗಾರ್ತಿ.

ಗುಮಾಸ್ತರು ಓಡಿಹೋಗಿ ಪೆಟ್ಟಿಗೆ ಇಸಿದುಕೊಂಡರು, ಜೇಬಿನ ಬಾಚಣಿಗೆಯನ್ನು ಅವಳ ಕೈಗಿಟ್ಟರು. "ನಾಳೆಯಿಂದ ನಮ್ಮ ಮಗಳ ಜಡೆ ನೀನೇ ಹಾಕು. ಎರಡು ವರ್ಷ ಆದ್ರೂ ನಂಗೆ ಸೊಟ್ಟಗೇ ಬರುತ್ತೆ."