ಅರ್ಧ ನೋವು

ಸರಕಿನಿಂದ ಗಿರಾಕಿಗೆ ಬಂದ ಕಾಯಿಲೆಯ ಅರ್ಧ ನೋವು ಅದನ್ನು ತಯಾರಿಸಿದವನ ಮೈಗೆ ಹೋಗುವ ಕಾನೂನು ಬಂದು ಎಷ್ಟೋ ವರ್ಷಗಳಾಗಿದ್ದವು. ಹಾಗಾಗಿ ಜರ್ದಾ ಕಾರ್ಖಾನೆಯ ಮಾಲೀಕ ಚೆನ್ನವೀರಪ್ಪ ಕೆನ್ನೆ ಹಿಡಿದುಕೊಂಡು ಮನೆ ಬಾಗಿಲಿಗೆ ಬಂದಾಗ ಗದಗಿನ ಲಾರಿ ಡ್ರೈವರ್ ಮೌಲಾಸಾಬನಿಗೆ ಆಶ್ಚರ್ಯವಾಗಲಿಲ್ಲ, ನಾಚಿಕೆಯಾಯಿತು. ಜರ್ದಾ ತಿಂದು ತಿಂದು ಮೌಲಾಸಾಬನ ಬಾಯಲ್ಲಿ ಕ್ಯಾನ್ಸರ್ ಹುಣ್ಣು ಬಲಿತಿತ್ತು. ಹೆಂಡತಿ ಮಾಲನಬಿ ಇಬ್ಬರಿಗೂ ಖಾರವಿಲ್ಲದ ಮಜ್ಜಿಗೆ ತಂದಿಟ್ಟಳು.

“ನಿನ್ನೆ ಸಂಜಿ ಮತ್ತ ಹಾಕ್ಕೊಂಡ್ರಲ್ಲ,” ಎಂದ ಚೆನ್ನವೀರಪ್ಪ.

“ಹೌದ್ರಿ ಸಾಹುಕಾರ್ರ, ತಡಕೊಳ್ಳಾಕ ಆಗಲಿಲ್ಲ. ನಾ ತಿಂದಿದ್ದಕ್ಕ ನಿಮಗ್ಯಾಕ ಶಿಕ್ಷಾ?”

“ಬಿಡಾಕ ಬರಬಾರದಂತನ ಅದಕ್ಕ ರುಚಿ ಕೂಡಿಸಿದಾಂವ ನಾನ. ಈಗ ಮಷಿನ್ ಬಂದ್ ಮಾಡೀನಿ. ಆದ್ರೂ ಮೊದಲ ತಿಂದವರ ಉರಿ ಬರೂದು ನಿಂತಿಲ್ಲ.” ಅವನು ಮಜ್ಜಿಗೆಯ ಲೋಟ ಪಕ್ಕಕ್ಕಿಟ್ಟ. “ಆಪರೇಷನ್ ಮಾಡಿಸ್ಕೋರಿ. ದವಡಿ ಕೊಯ್ತಾರಂತ ನೀವು ಅಂಜಾಕತ್ತೀರಿ. ನಾನೂ ಅಂಜೀನಿ. ಆದರ ನೀವು ಉಳೀಬೇಕು.”

ಮಾಲನಬಿ ಗಂಡನ ಮುಖವನ್ನೇ ನೋಡುತ್ತ ನಿಂತಿದ್ದಳು. ಮೌಲಾಸಾಬ ತಲೆಯಾಡಿಸಿದ.

ಆಪರೇಷನ್ ಮುಗಿದು ಎಚ್ಚರವಾದಾಗ ದವಡೆ ಸಿಡಿಯುತ್ತಿತ್ತು. ಆದರೆ ಅವನು ಹೆದರಿದ್ದಷ್ಟಲ್ಲ, ತಡೆದುಕೊಳ್ಳುವಂತಿತ್ತು. ಉಳಿದದ್ದನ್ನು ಯಾರು ತಡೆದುಕೊಳ್ಳುತ್ತಿದ್ದಾರೆಂಬುದು ನೆನಪಾಗಿ ಕಣ್ಣು ತುಂಬಿ ಬಂತು. ಕೈಸನ್ನೆಯಲ್ಲಿ ಫೋನು ಕೇಳಿದ. ಮಾಲನಬಿ ನಂಬರ್ ಒತ್ತಿ, “ಸಾಹುಕಾರ್ರ, ಭಾಳ ನೋಯಾಕತ್ತೈತೇನಂತ ನಮ್ಮವರು ಕೇಳಾಕತ್ತಾರ್ರೀ,” ಎಂದು ಫೋನನ್ನು ಅವನ ಕಿವಿಗೆ ಹಿಡಿದಳು. ಆ ಕಡೆಯಿಂದ ಹೂಂ ಎಂಬ ದನಿಯಷ್ಟೇ ಬಂತು. ಮೌಲಾಸಾಬನೂ ಹೂಂ ಎಂದ. ಬಾಯಿ ತೆರೆಯಲಾಗದ ಇಬ್ಬರೂ ಹಾಗೆಯೇ ಹೂಂಗುಡುತ್ತ ಬಹಳ ಹೊತ್ತು ಮಾತಾಡಿದರು.