ಒಂದೇ ಗೆರೆಯ ಪಿನ್ನು

“ತಪ್ಪು ನನ್ನದೇ,” ಎಂದಳು ಅವಳು, ಯಾರೂ ಕೇಳುವ ಮೊದಲೇ. ರಿಪೇರಿಯವನು ಇನ್ನೂ ಕನ್ನಡಕ ಹುಡುಕುತ್ತಿದ್ದ.

ಅವಳು ಚೀಲದಿಂದ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಅಂಗೈಯಗಲದ ರೆಕಾರ್ಡರು. ಕಾಲರಿಗೆ ಸಿಕ್ಕಿಸುವ ಮೈಕು. ಕಡಲೆಕಾಳಿನಷ್ಟು ತಲೆ, ಎರಡು ಮೊಳ ಬಾಲ. ಆ ಬಾಲಕ್ಕೂ ರೆಕಾರ್ಡರಿಗೂ ನಡುವೆ ಕೂರುವ ಒಂದು ಪುಟ್ಟ ಪಿನ್ನು.

“ಆನ್ ಆಗಲ್ವಾ?”

“ಆಗುತ್ತೆ. ನಲವತ್ತೊಂದು ನಿಮಿಷ ಓಡುತ್ತೆ. ಒಳಗೆ ಏನೂ ಇಲ್ಲ.”

“ಏನಿರಬೇಕಿತ್ತು?”

ಉತ್ತರ ಕೊಟ್ಟದ್ದು ಸ್ಟೂಲಿನ ಮೇಲೆ ಕೂತಿದ್ದ ಅತ್ತೆ. “ನನ್ನ ಮಗ.”

ರಿಪೇರಿಯವನು ಹುಡುಕುವುದನ್ನು ನಿಲ್ಲಿಸಿದ. ಕನ್ನಡಕ ಅವನ ಹಣೆಯ ಮೇಲೇ ಇತ್ತು.

ಹನ್ನೆರಡು ವರ್ಷ ಬೇರೆಯವರ ಮಾತು ಹಿಡಿದಿಡುವುದೇ ಅವಳ ಗಂಡನ ಕೆಲಸವಾಗಿತ್ತು. ಮುದುಕರು, ಕಾರ್ಮಿಕರು, ಸಾಕ್ಷಿಗಳು. ಅವರು ಮಾತಾಡುವಾಗ ಉಸಿರು ಬಿಗಿಹಿಡಿದು ಕೂರಬೇಕು. ಹಾಗಾಗಿ ಸಾವಿರ ಗಂಟೆಗಳ ದನಿಯಲ್ಲಿ ಅವನದೊಂದು ಕೆಮ್ಮೂ ಇರಲಿಲ್ಲ. ಇದ್ದದ್ದು ಈ ನಲವತ್ತೊಂದು ನಿಮಿಷ ಮಾತ್ರ.

“ನಾಳೆ ಆಫೀಸಿನವರು ರೆಕಾರ್ಡರು ವಾಪಸ್ ತಗೊಂಡು ಹೋಗ್ತಾರೆ,” ಎಂದಳು. “ಎಲ್ಲ ಅಳಿಸಿ ಬೇರೆಯವರಿಗೆ ಕೊಡ್ತಾರಂತೆ.”

ಅದನ್ನು ರೆಕಾರ್ಡ್ ಮಾಡಿದ ಮಧ್ಯಾಹ್ನ ಗಂಡನನ್ನು ಮೂರು ದಿಂಬಿಗೆ ಒರಗಿಸಿ ಕೂರಿಸಿದ್ದಳು. ಗದ್ದದಿಂದ ಒಂದು ಗೇಣು ಕೆಳಗೆ ಮೈಕು ಸಿಕ್ಕಿಸಿದಳು. ಬಟ್ಟೆಗೆ ಉಜ್ಜಿ ಸದ್ದಾಗದಂತೆ ತಂತಿಯನ್ನು ಗುಂಡಿಯ ಹಿಂದೆ ಸುತ್ತಿದಳು. ಎಲ್ಲ ಅವನೇ ಕಲಿಸಿದ್ದು.

“ಡ್ರಾಯರಲ್ಲಿ ಪಿನ್ನಿದೆ, ತಾ. ಒಂದೇ ಗೆರೆಯದು.”

“ಮೈಕು ನೇರವಾಗೇ ಕೂರುತ್ತಲ್ಲ, ಇದ್ಯಾಕೆ?”

“ಗುರುವಿಗೇ ತಿರುಮಂತ್ರ ಹೇಳ್ತೀಯಾ? ಟಕ್ ಅನ್ನೋವರೆಗೂ ಒತ್ತು. ಆಮೇಲೆ ಹೊರಗೆ ಹೋಗು, ನಾನೇ ಕರೀತೀನಿ.”

ಒತ್ತಿದಳು. ಕೆಂಪು ದೀಪ ಹತ್ತಿತು. ಬಾಗಿಲೆಳೆದುಕೊಂಡು ಹೋಗಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಳು. ಒಂಬತ್ತು ದಿನಕ್ಕೆ ಅವನು ಹೋದ.

ಟಕ್ ಅಂದಿತ್ತೇ? ಐದು ತಿಂಗಳಿಂದ ಅದೊಂದೇ ಪ್ರಶ್ನೆ. ದಿನಾ ಸಂಜೆ ಮಂಚದ ತನ್ನ ಬದಿಯಲ್ಲಿ ಕೂತು ಕಿವಿಗೆ ತಂತಿ ಸಿಕ್ಕಿಸಿಕೊಳ್ಳುತ್ತಿದ್ದಳು. ರೆಕಾರ್ಡರಿಗೆ ಸ್ಪೀಕರಿರಲಿಲ್ಲ, ಬಸ್ಸಿನಲ್ಲಿ ಇಬ್ಬರೂ ಹಂಚಿಕೊಂಡು ಹಾಡು ಕೇಳುತ್ತಿದ್ದ ಇಯರ್‌ಫೋನೇ ಗತಿ. ನಲವತ್ತೊಂದು ನಿಮಿಷವೂ ಕೇಳುತ್ತಿದ್ದಳು. ಬಾವಿಗೆ ಕಿವಿಗೊಟ್ಟ ಹಾಗೆ.

“ದಿನಾ ನೂರು ಸಲ ಟಕ್ ಅಂತ ಬಾಗಿಲು ಹಾಕ್ತಾಳಪ್ಪ,” ಎಂದರು ಅತ್ತೆ ರಿಪೇರಿಯವನಿಗೆ. “ಆವತ್ತೊಂದಿನ ಕೈಗೇನಾಗಿತ್ತೋ.”

ಅವಳು ಮೈಕಿನ ತಂತಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ಒಂದು ಹನಿ ಕಣ್ಣೀರು ಹಾಕಿಲ್ಲ ಇವಳು. ಕಲ್ಲು. ಅವನ ಟೂತ್‌ಬ್ರಷ್ಷು ಇನ್ನೂ ಲೋಟದಲ್ಲಿದೆ. ಅವನ ಕುರ್ಚಿ, ಅವನ ದಿಂಬು, ಅವನದು ಅನ್ನೋದು ಒಂದನ್ನೂ ಮುಟ್ಟಲ್ಲ. ಮುಟ್ಟಗೊಡೋದೂ ಇಲ್ಲ. ಆ ದನಿ ಏನಾದ್ರೂ ಸಿಕ್ಕಿದ್ರೆ ನೀನೇ ಮೊದಲು ಕೇಳಿ ಹೇಳಪ್ಪ. ನನಗೆ ಧೈರ್ಯ ಸಾಲದು.”

ರಿಪೇರಿಯವನು ರೆಕಾರ್ಡರನ್ನು ತಿರುಗಿಸಿ ನೋಡಿದ. ಪರದೆಯ ಅರ್ಧಕ್ಕೆ ಕಪ್ಪು ಟೇಪು ಅಂಟಿತ್ತು. ಅಲ್ಲಿ ದನಿಯ ಏರಿಳಿತ ತೋರಿಸುವ ಮೀಟರು. ಅದು ಕಣ್ಣಿಗೆ ಬಿದ್ದರೆ ಮಾತಾಡುವವರು ತಡವರಿಸುತ್ತಾರೆಂದು ಅವಳ ಗಂಡನೇ ಅಂಟಿಸಿದ್ದ.

“ಕಿತ್ತು ನೋಡಬಹುದಿತ್ತಲ್ಲಮ್ಮ?”

“ಅವರು ಅಂಟಿಸಿದ್ದು.”

ರಿಪೇರಿಯವನು ತನ್ನ ದಪ್ಪ ಹೆಡ್‌ಫೋನನ್ನು ತಲೆಗೇರಿಸಿ ಗುಂಡಿ ಒತ್ತಿದ. ಎರಡು ಸೆಕೆಂಡು. ಮೂರು. ಅವನ ಕೈ ಗಾಳಿಯಲ್ಲೇ ನಿಂತಿತು. ಬೆಂಕಿ ತಗುಲಿದಂತೆ ಹೆಡ್‌ಫೋನು ಕಿತ್ತು ಕೆಳಗಿಟ್ಟ.

“ಇದು ನಾನು ಕೇಳೋದಲ್ಲಮ್ಮ.”

“ಏನು?”

“ಇದೆ. ಚೆನ್ನಾಗೇ ಇದೆ.”

ಅವಳು ಚೀಲದಿಂದ ಇಯರ್‌ಫೋನು ಎಳೆದು ಚುಚ್ಚಿದಳು. ಕಿವಿಗಿಟ್ಟಳು. ಅದೇ ಬಾವಿ.

“ಯಾಕೆ ಸುಳ್ಳು ಹೇಳ್ತೀರಿ?”

ರಿಪೇರಿಯವನು ಅವಳನ್ನೇ ನೋಡಿದ. ಆಮೇಲೆ ಪುಟ್ಟ ಪಿನ್ನನ್ನು ಬೆಳಕಿಗೆ ಹಿಡಿದ. ಅದರ ಮೈಮೇಲೆ ಒಂದು ಕಪ್ಪು ಗೆರೆ.

“ಮೈಕಿನದಕ್ಕೆ ಎರಡು ಗೆರೆ ಇದೆ ನೋಡಿ. ಇದಕ್ಕೆ ಒಂದೇ. ಇದನ್ನ ನಡುವೆ ಹಾಕಿದ್ರೆ ದನಿ ಎಡಗಡೆ ಮಾತ್ರ ಕೂರುತ್ತೆ, ಬಲಗಿವಿಗೆ ಖಾಲಿ. ಹೊಸಬರು ಮಾಡೋ ತಪ್ಪು ಇದು. ಯಾರು ಹಾಕಿದ್ದು?”

“ನಾನೇ,” ಎಂದಳು. “ಹೇಳಿದ್ನಲ್ಲ, ತಪ್ಪು ನನ್ನದೇ ಅಂತ.”

“ಹಾಕಿದ್ದು ನೀನು,” ಎಂದರು ಅತ್ತೆ ನಿಧಾನವಾಗಿ. “ಅದೇ ಬೇಕು ಅಂತ ತರಿಸ್ಕೊಂಡಿದ್ದು ಅವನು. ನನ್ನ ಮಗ ಹೊಸಬನಲ್ಲ.”

ಅತ್ತೆಯ ಕಣ್ಣು ಸೊಸೆಯ ಕಿವಿಯತ್ತ ಹೋಯಿತು.

ಅವಳ ಬಲಗಿವಿಯಿಂದ ಇಳಿದ ತಂತಿ ಎದೆಯ ಹತ್ತಿರ ಕವಲೊಡೆದಿತ್ತು. ಎರಡನೆಯ ಕವಲು, ಎಡದ್ದು, ಯಾರ ಕಿವಿಗೂ ಸೇರದೆ ತೂಗಾಡುತ್ತಿತ್ತು. ಬಸ್ಸಿನಲ್ಲಿ ಅದು ಯಾವಾಗಲೂ ಅವನದು. ಐದು ತಿಂಗಳಿಂದ ಪ್ರತಿ ಸಂಜೆಯೂ ಅದನ್ನು ಅವನ ದಿಂಬಿನ ಮೇಲಿಟ್ಟೇ ಅವಳು ಗುಂಡಿ ಒತ್ತುತ್ತಿದ್ದಳು.

ಅತ್ತೆ ಎದ್ದು ಬಂದು, ತೂಗಾಡುತ್ತಿದ್ದುದನ್ನು ಎರಡು ಬೆರಳಲ್ಲಿ ಹಿಡಿದು ಅವಳ ಮುಂದೆ ಚಾಚಿದರು.

“ಹಾಕ್ಕೋ.”

“ಅದು ಅವರದು.”

“ಹೌದು ಮಗಾ. ಹಾಕ್ಕೋ.”

ರಿಪೇರಿಯವನು ರೆಕಾರ್ಡಿಂಗನ್ನು ಮೊದಲಿಗೆ ತಂದು, ಗುಂಡಿ ಒತ್ತಿ, ಬೀದಿಯ ಕಡೆ ತಿರುಗಿ ನಿಂತ.

“ಬಂದ್ಯಾ? ನನ್ನ ಕಡೆಯ ಇಯರ್‌ಫೋನನ್ನ ನೀನೇ ಹಾಕ್ಕೊಳ್ಳೋ ದಿನದವರೆಗೂ ಇದು ಕೇಳಿಸಬಾರದು ಅಂತಲೇ ಆ ಪಿನ್ನು ತರಿಸಿದ್ದು ಕಣೇ. ಈಗ ಅತ್ತುಬಿಡು, ಟೈಮಿದೆ, ನಾನು ಕಾಯ್ತೀನಿ.”