ಕರೆಯದೆ ಬಂದ ಬಸವನಹುಳುಗಳು

"ಇವು ನಿನ್ನ ತವರಮನಿಯಿಂದೇ ಬಂದಾವ!" ಉಮಾಕಾಂತರು ಪಡಸಾಲೆಯ ಮೀನಿನ ಪೆಟ್ಟಿಗೆಯ ಗಾಜಿಗೆ ಬೆರಳು ಕುಟ್ಟಿದರು. ಒಳಗೆ ಕಂದು ಬಣ್ಣದ ಪುಟ್ಟ ಬಸವನಹುಳುಗಳು ಗಾಜಿನ ತುಂಬ ಅಂಟಿಕೊಂಡಿದ್ದವು. ಹೋದ ತಿಂಗಳು ಒಂದೂ ಇರಲಿಲ್ಲ.

ಆ ಪೆಟ್ಟಿಗೆ ಸೊಸೆ ಮೀನಲಳ ಮದುವೆಗೆ ಔರಾದ ಶಹಾಜನಿ ಊರಿನ ಅವಳಣ್ಣ ಕೊಟ್ಟ ಉಡುಗೊರೆ. ನಿಲಂಗಾದ ಈ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ. ಈ ಹೊಲಸು ಅವಳದೇ ಅಂತಾದರೆ ಇವತ್ತೇ ಪೆಟ್ಟಿಗೆ ವಾಪಸ್ ಔರಾದಿಗೆ ಎಂದು ಮಾವ ಸಾರಿಬಿಟ್ಟಿದ್ದರು. ಕೊಟ್ಟದ್ದು ತಿರುಗಿ ಬಂದರೆ ಅಣ್ಣನ ಮರ್ಯಾದೆ ಏನಾದೀತು? ಮೀನಲಳಿಗೆ ಅಳು ಒತ್ತಿ ಬರುತ್ತಿತ್ತು.

ಉಮಾಕಾಂತರದು ಶಿಸ್ತಿನ ಮನೆ. ನಿವೃತ್ತರಾದ ಮೇಲೆ ಮೊಬೈಲಿನಲ್ಲೇ ಆರೋಗ್ಯಶಾಸ್ತ್ರ ಓದಿ ಮುಗಿಸಿ, ಊರವರಿಗೆ ಭಾಷಣ ಮಾಡುವ ಮಟ್ಟಕ್ಕೆ ಏರಿದ್ದರು. ಅವರ ಸಂಶೋಧನೆ ಹಾಗಲಕಾಯಿ, ಮೆಂತ್ಯ, ಬೇವು ಕೂಡಿಸಿ ಕಟ್ಟಿದ ಉಂಡೆ. ದಿನಾ ಬೆಳಿಗ್ಗೆ ತಲೆಗೊಂದು. ಯಾರೂ ಎಸೆಯಬಾರದೆಂದು ಮೊದಲು ಲಿಂಗದ ಮುಂದಿಟ್ಟು ಪ್ರಸಾದ ಮಾಡಿಬಿಡುತ್ತಿದ್ದರು. ಪ್ರಸಾದ ಕಸಕ್ಕೆ ಹಾಕುವ ಧೈರ್ಯ ಯಾರಿಗಿದೆ? ಹೆಂಡತಿ ಜಯಮಾಲಾ ಮೂಗು ಹಿಡಿದು, ದೇವರನ್ನು ನೆನೆದು ನುಂಗುತ್ತಿದ್ದರು. ಉಮಾಕಾಂತರು ಮಾತ್ರ ಎಲ್ಲರಿಗಿಂತ ಮೊದಲೆದ್ದು, ಒಬ್ಬರೇ ಪಡಸಾಲೆಯಲ್ಲಿ ನಿಂತು, ಕ್ಷಣದಲ್ಲಿ ಮುಗಿಸುತ್ತಿದ್ದರು. ಮುಖ ಕೂಡ ಸಿಂಡರಿಸುತ್ತಿರಲಿಲ್ಲ. ಅಬ್ಬಾ, ಎಂಥ ಗಟ್ಟಿ ನಾಲಿಗೆ!

ಹುಳು ಎಲ್ಲಿಂದ ಬಂದವೆಂದು ನೋಡಲು ಕರೆಸಿದ್ದ, ಉದಗೀರದ ಸಾಕುಮೀನಿನ ಅಂಗಡಿಯ ವೀರಭದ್ರ ಬಂದ. ಒಂದು ಹುಳು ಹಿಡಿದು, ಚಿಪ್ಪಿನ ಚೂಪು ತುದಿ ಮೇಲೆ ಮಾಡಿ ನೋಡಿದ.

"ಬಾಯಿ ಎಡಕ್ಕ ಅದ ನೋಡ್ರಿ, ಅದಕ್ಕ ಮುಚ್ಚಳ ಇಲ್ಲ. ಕೆರಿ ಹುಳ. ನೀರಾಗಿನ ಗಿಡದ ಎಲಿಗಿ ತತ್ತಿ ಹತ್ತಿ ಬಂದಿರ್ತಾವ."

"ಗಿಡ ತಂದಾಕಿ ಈಕೀನೇ!" ಉಮಾಕಾಂತರು ಗೆದ್ದವರಂತೆ ಸೊಸೆಯತ್ತ ಕೈ ಮಾಡಿದರು.

"ತರ್ಲಿ ಬಿಡ್ರಿ ಸಾಹೇಬ್ರ. ತಿನ್ನಾಕ ಸಿಗಲಿಲ್ಲಂದ್ರ ನಾಕೈದೇ ಉಳೀತಾವ. ಇಷ್ಟು ಆಗ್ಯಾವಂದ್ರ ಯಾರೋ ದಿನಾ ಊಟ ಹಾಕಲತ್ತಾರ." ವೀರಭದ್ರ ಪೆಟ್ಟಿಗೆಯ ತಳದ ಹರಳುಕಲ್ಲಿನ ಸಂದಿಯಿಂದ ಹಸಿರು ಕೆಸರು ಎತ್ತಿ ಮೂಸಿದ. ಅವನ ಮುಖ ಕಿವುಚಿಹೋಯಿತು. "ಅಯ್ಯೋ ಶಿವನ! ಹಾಗಲಕಾಯಿ!"



"ಪ್ರಸಾದ!" ಉಮಾಕಾಂತರು ಗುಡುಗಿದರು. "ಪ್ರಸಾದ ನೀರಾಗ ಹಾಕೀಯೇನು?"

ಮೀನಲ ತಲೆ ತಗ್ಗಿಸಿದಳು. "ಹೌದ್ರಿ. ಕಸಕ್ಕ ಹಾಕಾಕ ಮನಸ್ಸ ಬರ್ಲಿಲ್ಲ. ಮೀನಿಗಿ ಹಾಕಿದ್ರ ಪಾಪ ಹತ್ತಂಗಿಲ್ಲ ಅಂದ್ಕೊಂಡೆ."

"ಈ ಬುದ್ಧಿ ಯಾರು ಕಲಿಸ್ಯಾರ? ನಿಮ್ಮಣ್ಣನೇ? ಹಚ್ಚು ಅವಗ ಫೋನ್, ಈಗಿಂದೀಗ!"

ಅಣ್ಣನ ಮಾತು ಬಂದದ್ದೇ ಮೀನಲ ತಲೆ ಎತ್ತಿದಳು.

"ಅಣ್ಣ ಅಲ್ರಿ ಮಾವಾರ. ದಿನಾ ನಸುಕಿನ್ಯಾಗ ನೀವು ಹಾಕೂದು ನೋಡೇ ಕಲ್ತೀನಿ."